ಕೆಲಮಂಗಲ ಸೀಮೆಯ ನಾಣ್ಯಗಳು: ದರ್ಜೆ ಮತ್ತು ವಿವರಚೀಟಿ

ಕೆಲಮಂಗಲವು ಇಂದು ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಡೆಂಕಣಿಕೋಟೆ ತಾಲ್ಲೂಕಿಗೆ ಸೇರಿದ ಪಟ್ಟಣ. ಕನ್ನಡ, ತೆಲುಗು, ತಮಿಳು ಮೂರೂ ಬಳಕೆಯಲ್ಲಿರುವ ಈ ಸೀಮೆಯು ರಾಜಧಾನಿಯಾಗಿಯೋ ಟಂಕಸಾಲೆಯ ನೆಲೆಯಾಗಿಯೋ ಹೆಸರಾದುದಲ್ಲ. ಇದು ದಾರಿಯ ಸೀಮೆ. ಬಾರಾಮಹಲಿನ ಬಯಲಿನಿಂದ ಘಟ್ಟವೇರಿ ಮೈಸೂರಿನ ಪ್ರಸ್ಥಭೂಮಿಗೆ ಬರುವವರು ರಾಯಕೋಟೆಯನ್ನು ದಾಟಿ ಇಲ್ಲಿಗೆ ಬಂದು, ಹೊಸೂರಿನ ಕಡೆಗೋ ಆನೇಕಲ್ಲಿನ ಕಡೆಗೋ ಸಾಗುತ್ತಿದ್ದರು. ವರ್ತಕರು, ದಂಡುಗಳು, ತೀರ್ಥಯಾತ್ರಿಕರು, ಕಂದಾಯದ ಅಧಿಕಾರಿಗಳು ಈ ದಾರಿಯಲ್ಲಿ ನಡೆದಂತೆ ಅವರ ಹಣವೂ ಇಲ್ಲಿ ಕೈಬದಲಾಯಿತು. ಹೀಗಾಗಿ ಇಲ್ಲಿ ದೊರೆಯುವ ನಾಣ್ಯಗಳೆಲ್ಲ ಬಹುಮಟ್ಟಿಗೆ ಬೇರೆಡೆ ಅಚ್ಚಾಗಿ ಬಂದವು. ಅವುಗಳ ಚಾರಿತ್ರಿಕ ಬೆಲೆ ಇರುವುದು ಎಲ್ಲಿ ಹುಟ್ಟಿದವು ಎಂಬುದರಲ್ಲಿ ಮಾತ್ರವಲ್ಲ, ಎಲ್ಲಿಗೆ ಬಂದು ಸೇರಿದವು ಎಂಬುದರಲ್ಲಿಯೂ ಇದೆ.

ಈ ಎರಡನೆಯ ಸಂಗತಿಯನ್ನು ನಾಣ್ಯವು ತಾನಾಗಿ ಹೇಳಲಾರದು. ಪಟ್ಟಣದಲ್ಲಿ ಅಚ್ಚಾದ ಟಿಪ್ಪುವಿನ ಪೈಸೆಯ ಮೇಲೆ ಪಟ್ಟಣದ ಹೆಸರಿರುತ್ತದೆಯೇ ಹೊರತು, ಅದು ಕೆಲಮಂಗಲದ ಹೊಲದಲ್ಲಿ ಸಿಕ್ಕಿತೆಂಬ ಮಾತಿರುವುದಿಲ್ಲ. ಅದನ್ನು ಹೇಳುವುದು ಸಂಗ್ರಾಹಕನು ಬರೆದಿಡುವ ಚೀಟಿ. ಆದ್ದರಿಂದ ಮನೆಮನೆಗಳ ಸಣ್ಣ ಸಂಗ್ರಹಗಳಲ್ಲಿ ನಾಣ್ಯಕ್ಕೆ ದರ್ಜೆ ಕೊಡುವ, ಚೀಟಿ ಬರೆಯುವ ಕೆಲಸವು ಹವ್ಯಾಸದ ಅಚ್ಚುಕಟ್ಟುತನವಷ್ಟೇ ಆಗಿ ಉಳಿಯುವುದಿಲ್ಲ. ಗಡಿನಾಡಿನ ಇತಿಹಾಸದ ಒಂದು ಆಕರವು ಉಳಿಯುವುದೋ ಅಳಿಯುವುದೋ ಎಂಬುದು ಅದರಿಂದ ನಿರ್ಧಾರವಾಗುತ್ತದೆ.

ನೋಟಗಾರನ ಪರೀಕ್ಷೆ

ನಾಣ್ಯಕ್ಕೆ ದರ್ಜೆ ಕಟ್ಟುವುದು ಹೊಸ ಪದ್ಧತಿಯೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಟಂಕಸಾಲೆಯನ್ನು ನೋಡಿಕೊಳ್ಳುವ ಲಕ್ಷಣಾಧ್ಯಕ್ಷನೂ, ಚಲಾವಣೆಯ ನಾಣ್ಯಗಳನ್ನು ಪರೀಕ್ಷಿಸುವ ರೂಪದರ್ಶಕನೂ ಬರುತ್ತಾರೆ. ಕನ್ನಡದಲ್ಲಿ ಈ ಕೆಲಸದವನಿಗೆ ನೋಟಗಾರನೆಂಬ ಹೆಸರಿದೆ. ಹಣ ಬದಲಿಸಿ ಕೊಡುವವನು ಚಿನಿವಾರ, ಇಲ್ಲವೆ ಸರಾಫ. ಗದ್ಯಾಣ, ಹಣ, ಹಾಗ, ವೀಸಗಳ ಲೆಕ್ಕ ನಡೆಯುತ್ತಿದ್ದ ಕಾಲದಲ್ಲಿ ಹಣದ ನಾಲ್ಕನೆಯ ಒಂದು ಪಾಲು ಹಾಗ, ಹದಿನಾರನೆಯ ಒಂದು ಪಾಲು ವೀಸ. ಅರ್ಧ ಗ್ರಾಮಿಗೂ ಕಡಿಮೆ ತೂಗುವ ಚಿನ್ನದ ಹಣವೊಂದರಲ್ಲಿ ಕೂದಲೆಳೆಯಷ್ಟು ಸವೆದರೂ ಲೆಕ್ಕ ತಪ್ಪುತ್ತಿತ್ತು. ಆದುದರಿಂದ ನೋಟಗಾರನು ತಕ್ಕಡಿಯಲ್ಲಿ ತೂಗಿ, ಒರೆಗಲ್ಲಿಗೆ ಹಚ್ಚಿ, ಮುದ್ರೆಯನ್ನು ನೋಡಿ ನಾಣ್ಯದ ಯೋಗ್ಯತೆಯನ್ನು ಹೇಳುತ್ತಿದ್ದನು. ಸವೆದ ನಾಣ್ಯಕ್ಕೂ ಪರಸ್ಥಳದ ನಾಣ್ಯಕ್ಕೂ ವಟ್ಟ ಹಿಡಿಯುವುದು ವಾಡಿಕೆಯಾಗಿತ್ತು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಸೀಮೆಗೆ ನೋಟಗಾರನ ಅಗತ್ಯ ಎಷ್ಟಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾದ ಥಾಮಸ್ ಮನ್ರೊ ಅಲ್ಲಿ ಕಂದಾಯದ ವ್ಯವಸ್ಥೆಗೆ ತೊಡಗಿದರು. 1799ರ ಮಾರ್ಚ್ ತಿಂಗಳಲ್ಲಿ ಜನರಲ್ ಹ್ಯಾರಿಸನ ದಂಡು ರಾಯಕೋಟೆಯಿಂದ ಕೆಲಮಂಗಲಕ್ಕೆ ಬಂದು, ಆನೇಕಲ್ಲಿನ ಮಾರ್ಗವಾಗಿ ಶ್ರೀರಂಗಪಟ್ಟಣದತ್ತ ಸಾಗಿತು. ಟಿಪ್ಪುವಿನ ಪತನದ ಬಳಿಕ ಘಟ್ಟದ ಮೇಲಿನ ಹೊಸೂರು ಸೀಮೆಯೂ ಕಂಪನಿಯ ಪಾಲಾಯಿತು. ಆದರೆ ಆಳ್ವಿಕೆ ಬದಲಾದೊಡನೆ ಹಣದ ಲೆಕ್ಕ ಬದಲಾಗಲಿಲ್ಲ. 1799ರ ಹಂಚಿಕೆಯ ಒಪ್ಪಂದದ ಪಟ್ಟಿಗಳಲ್ಲಿ ಸೀಮೆಗಳ ಹುಟ್ಟುವಳಿಯನ್ನು ಬರೆದುದು ಕಂಠೀರಾಯಿ ವರಹಗಳಲ್ಲಿ. ಅದು 1638ರಿಂದ 1659ರವರೆಗೆ ಮೈಸೂರನ್ನಾಳಿದ ರಣಧೀರ ಕಂಠೀರವ ನರಸರಾಜ ಒಡೆಯರ ಹೆಸರಿನ ಲೆಕ್ಕ. ಕೈಗೆ ಬರುತ್ತಿದ್ದುದು ನರಸಿಂಹನ ಮೂರ್ತಿಯಿರುವ ಸಣ್ಣ ಹಣ. ಅಂತಹ ಹತ್ತು ಹಣ ಸೇರಿದರೆ ಲೆಕ್ಕದಲ್ಲಿ ಒಂದು ಕಂಠೀರಾಯಿ ವರಹ. ಇದರ ಜೊತೆಗೆ ಮದ್ರಾಸಿನ ನಕ್ಷತ್ರ ವರಹ, ಆರ್ಕಾಟಿನ ರೂಪಾಯಿ, ಹೈದರ್ ಮತ್ತು ಟಿಪ್ಪುವಿನ ಚಿನ್ನ ಬೆಳ್ಳಿ ತಾಮ್ರಗಳು. 1800ರಲ್ಲಿ ಮದ್ರಾಸಿನಿಂದ ಮೈಸೂರಿಗೆ ಬಂದ ಫ್ರಾನ್ಸಿಸ್ ಬುಕಾನನ್ ತಾನು ಕಂಡ ನಾಡಿನ ನಾಣ್ಯ, ತೂಕ, ಅಳತೆಗಳನ್ನು ಬರೆದಿಟ್ಟುಕೊಂಡುದು ಇಂತಹ ಪರಿಸ್ಥಿತಿಯಲ್ಲಿಯೇ.

ನೋಟಗಾರನು ಕಟ್ಟುತ್ತಿದ್ದ ದರ್ಜೆಗೂ ಇಂದಿನ ಸಂಗ್ರಾಹಕನು ಕಟ್ಟುವ ದರ್ಜೆಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಅವನು ನೋಡುತ್ತಿದ್ದುದು ಉಳಿದಿರುವ ಲೋಹವನ್ನು. ಇವನು ನೋಡುವುದು ಉಳಿದಿರುವ ಮೇಲ್ಮೈಯನ್ನು.

ಹೊರಗಿನಿಂದ ಬಂದ ಅಳತೆಗೋಲು

ಈಗ ಸಂಗ್ರಾಹಕರಲ್ಲಿ ರೂಢಿಯಲ್ಲಿರುವ ದರ್ಜೆಗಳ ಹೆಸರುಗಳು ಇಂಗ್ಲಿಷಿನವು: ಫೇರ್, ಗುಡ್, ವೆರಿ ಗುಡ್, ಫೈನ್, ವೆರಿ ಫೈನ್, ಎಕ್ಸ್‌ಟ್ರೀಮ್ಲಿ ಫೈನ್, ಅನ್‌ಸರ್ಕ್ಯುಲೇಟೆಡ್. ಇವುಗಳಿಗೆ ಅಂಕಿಗಳನ್ನು ಜೋಡಿಸಿದವನು ಅಮೆರಿಕದ ವಿಲಿಯಂ ಶೆಲ್ಡನ್. ಅವನು 1949ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತನ್ನ ದೇಶದ ಹಳೆಯ ತಾಮ್ರದ ಸೆಂಟುಗಳಿಗಾಗಿ 1ರಿಂದ 70ರವರೆಗಿನ ಮಾನವೊಂದನ್ನು ರೂಪಿಸಿದನು. ಗುರುತು ಹಿಡಿಯಲಷ್ಟೇ ಸಾಧ್ಯವಾಗುವ ಸೆಂಟಿಗೆ 1, ಕುಂದೇ ಇಲ್ಲದುದಕ್ಕೆ 70. ಮೊದಲನೆಯದರ ಬೆಲೆಯ ಎಪ್ಪತ್ತು ಪಟ್ಟು ಎರಡನೆಯದರ ಬೆಲೆ ಎಂಬುದು ಅದರ ಆಧಾರ. ಅಂದರೆ ಈ ಮಾನವು ಹುಟ್ಟಿನಿಂದಲೇ ಬೆಲೆಯ ಲೆಕ್ಕ. ಒಂದು ದೇಶದ ಒಂದು ವರ್ಗದ ನಾಣ್ಯಕ್ಕಾಗಿ ಹೊರಟ ಈ ಮಾನವು ಮುಂದೆ ಇತರ ನಾಣ್ಯಗಳಿಗೂ ಹರಡಿತು. 1980ರ ದಶಕದಲ್ಲಿ ಅಮೆರಿಕದಲ್ಲಿ ನಾಣ್ಯಗಳನ್ನು ಪರೀಕ್ಷಿಸಿ, ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ, ಅಂಕಿ ಬರೆದು ಕೊಡುವ ಸಂಸ್ಥೆಗಳು ಹುಟ್ಟಿಕೊಂಡವು.

ಯಂತ್ರದಲ್ಲಿ ಅಚ್ಚಾದ ನಾಣ್ಯಗಳಿಗೆ ಈ ಮಾನ ಒಗ್ಗುತ್ತದೆ. 1835ರ ಕಾಯಿದೆಯ ಮೇಲೆ ಬಂದ ಕಂಪನಿಯ ರೂಪಾಯಿಯ ತೂಕ 180 ಗ್ರೇನು. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಒಂದು ರೂಪಾಯಿಯಂತೆಯೇ ಇನ್ನೊಂದಿರುವುದರಿಂದ, ರಾಜನ ಕೂದಲಿನ ಗೆರೆ ಎಷ್ಟು ಸವೆದಿದೆಯೆಂದು ಹೋಲಿಸಿ ದರ್ಜೆ ಹೇಳಬಹುದು. ಆದರೆ ಕೆಲಮಂಗಲದಂತಹ ಸೀಮೆಯಲ್ಲಿ ಸಿಗುವ ಹಳೆಯ ನಾಣ್ಯಗಳು ಸುತ್ತಿಗೆಯಿಂದ ಬಡಿದು ಮಾಡಿದವು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಆದುದರಿಂದ ಅಚ್ಚಿನಲ್ಲಿರುವ ಬರಹವೆಲ್ಲ ಬಿಲ್ಲೆಯ ಮೇಲೆ ಬೀಳುವುದಿಲ್ಲ. ಟಿಪ್ಪುವಿನ ಪೈಸೆಯೊಂದರಲ್ಲಿ ಆನೆಯ ಸೊಂಡಿಲು ಕಾಣದಿದ್ದರೆ ಅದು ಸವೆದುಹೋಯಿತೆಂದು ಹೇಳುವಂತಿಲ್ಲ. ಮೊದಲೇ ಬಿಲ್ಲೆಯ ಆಚೆಗೆ ಬಿದ್ದಿರಬಹುದು. ಹಳತಾದ ಅಚ್ಚಿನಿಂದ ಹೊರಬಂದ ನಾಣ್ಯವು ಒಂದು ದಿನವೂ ಚಲಾವಣೆಯಾಗದೆ ಮಂಕಾಗಿರಬಹುದು. ಆದ್ದರಿಂದ ಇಂತಹ ನಾಣ್ಯಗಳ ಸ್ಥಿತಿಯನ್ನು ಹೇಳುವಾಗ ಅಚ್ಚು ಬಿದ್ದ ರೀತಿ, ಬಿಲ್ಲೆಯ ಪೂರ್ಣತೆ, ಸವೆತ, ಮೇಲ್ಮೈಯ ಸ್ಥಿತಿ ಈ ನಾಲ್ಕನ್ನೂ ಬೇರೆಬೇರೆಯಾಗಿ ಹೇಳಬೇಕಾಗುತ್ತದೆ. ಒಂದೇ ಅಂಕಿಯಲ್ಲಿ ಇವು ಹಿಡಿಯುವುದಿಲ್ಲ.

ಇಂಗ್ಲಿಷ್ ಹೆಸರುಗಳನ್ನು ಶಬ್ದಶಃ ಕನ್ನಡಕ್ಕೆ ತಂದರೂ ತೊಡಕೇ. ‘ಗುಡ್’ ಎಂಬುದು ಸಂಗ್ರಾಹಕರ ಪರಿಭಾಷೆಯಲ್ಲಿ ಬಹಳ ಸವೆದ, ಹೊರರೇಖೆ ಮಾತ್ರ ಉಳಿದ ನಾಣ್ಯ. ಅದನ್ನು ‘ಉತ್ತಮ’ವೆಂದು ಬರೆದರೆ ಓದುವವನು ತಪ್ಪು ತಿಳಿಯುತ್ತಾನೆ. ‘ಬರಹ ಪೂರ್ತಿ ಓದಬಹುದು’, ‘ಬರಹ ಅರ್ಧ ಉಳಿದಿದೆ’, ‘ಚಿತ್ರದ ಹೊರರೇಖೆ ಮಾತ್ರ’ ಎಂದು ಕಂಡದ್ದನ್ನು ಬರೆಯುವುದೇ ಹೆಚ್ಚು ಸಮರ್ಪಕ.

ಸವೆತವೂ ಸಾಕ್ಷ್ಯ

ಮಾರುಕಟ್ಟೆಯ ದೃಷ್ಟಿಯಲ್ಲಿ ಸವೆತವೆಂದರೆ ನಷ್ಟ. ಇತಿಹಾಸದ ದೃಷ್ಟಿಯಲ್ಲಿ ಅದು ಬಳಕೆಯ ದಾಖಲೆ. ಇದಕ್ಕೆ ಕಂಪನಿಯ ತಾಮ್ರದ ಕಾಸುಗಳೇ ಒಳ್ಳೆಯ ನಿದರ್ಶನ. ಮದ್ರಾಸ್ ಪ್ರಾಂತ್ಯಕ್ಕಾಗಿ 1803 ಮತ್ತು 1808ರ ಇಸವಿಯುಳ್ಳ ಹತ್ತು, ಇಪ್ಪತ್ತು ಕಾಸುಗಳು ಇಂಗ್ಲೆಂಡಿನ ಸೋಹೊ ಟಂಕಸಾಲೆಯಲ್ಲಿ ಯಂತ್ರದಿಂದ ಅಚ್ಚಾದವು. 1808ರ ಕಾಸುಗಳನ್ನು ಹೊತ್ತ ಅಡ್ಮಿರಲ್ ಗಾರ್ಡ್ನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದ ಗುಡ್ವಿನ್ ಮರಳದಿಬ್ಬಗಳಲ್ಲಿ ಒಡೆದು ಮುಳುಗಿತು. 1980ರ ದಶಕದಲ್ಲಿ ಆ ಕಾಸುಗಳನ್ನು ಮೇಲೆತ್ತಲಾಯಿತು. ಪೀಪಾಯಿಗಳಲ್ಲಿ ತುಂಬಿದ್ದುದರಿಂದ ಅನೇಕ ಕಾಸುಗಳು ಸವೆತವೇ ಇಲ್ಲದೆ ಉಳಿದಿದ್ದವು. ಅವು ಇಂದು ಸಂಗ್ರಾಹಕರ ಕೈಯಲ್ಲಿ ಮೇಲ್ದರ್ಜೆ ಪಡೆಯುತ್ತವೆ. ಆದರೆ ಅವು ಮದ್ರಾಸನ್ನು ಕಾಣಲಿಲ್ಲ. ಯಾವ ಸಂತೆಯಲ್ಲಿಯೂ ರಾಗಿಗೋ ಉಪ್ಪಿಗೋ ಕೈಬದಲಾಗಲಿಲ್ಲ. ಅದೇ ಇಸವಿಯ, ಅಕ್ಷರ ಮಾಸಿದ ಕಾಸೊಂದು ಕೆಲಮಂಗಲದ ಸುತ್ತಿನ ಹೊಲದಲ್ಲಿ ದೊರೆತರೆ ಅದರ ದರ್ಜೆ ಕನಿಷ್ಠವಾಗಬಹುದು. ಹೊಸ ಆಳ್ವಿಕೆಯ ಹಣ ಈ ಸೀಮೆಯ ಜನರ ಕೈಗೆ ಬಂದುದಕ್ಕೆ ಸಾಕ್ಷಿಯಾಗುವುದು ಮಾತ್ರ ಅದೇ.

ತೂತು, ಬೆಸುಗೆ, ಕುಂಕುಮದ ಕಲೆಗಳ ವಿಷಯವೂ ಹೀಗೆಯೇ. ಕಾಸಿನ ಸರಕ್ಕೆ ಪೋಣಿಸಲು ಕೊಕ್ಕೆ ಬೆಸೆದ ವರಹ, ಮಗುವಿನ ಉಡಿದಾರಕ್ಕೆ ಕಟ್ಟಲು ತೂತು ಮಾಡಿದ ತಾಮ್ರದ ಬಿಲ್ಲೆ, ತಲೆಮಾರುಗಳ ಕಾಲ ದೇವರ ಪೆಟ್ಟಿಗೆಯಲ್ಲಿದ್ದು ಅರಿಸಿನ ಹಿಡಿದ ಹಣ, ಇವೆಲ್ಲ ದರ್ಜೆಯ ಪುಸ್ತಕದಲ್ಲಿ ಕುಂದುಗಳು. ಆದರೆ ನಾಣ್ಯವು ಚಲಾವಣೆಯಿಂದ ಹೊರಬಿದ್ದ ಮೇಲೆಯೂ ಮನೆಯಲ್ಲಿ ಒಡವೆಯಾಗಿ, ರಕ್ಷೆಯಾಗಿ, ಲಕ್ಷ್ಮಿಯಾಗಿ ಬಾಳಿದ ಕಥೆಯನ್ನು ಹೇಳುವುವು ಅವೇ. ಚೀಟಿಯಲ್ಲಿ ‘ಹಾನಿಯಾಗಿದೆ’ ಎಂದು ಬರೆದು ಬಿಡುವ ಬದಲು ಯಾವ ಬಗೆಯ ತೂತು, ಎಲ್ಲಿದೆ, ಯಾವ ಉದ್ದೇಶಕ್ಕೆಂದು ಮನೆಯವರು ಹೇಳುತ್ತಾರೆ ಎಂಬುದನ್ನು ಬರೆಯಬೇಕು. ತಾಮ್ರದ ನಾಣ್ಯವನ್ನು ಹೊಳೆಯಿಸಲು ಹುಣಸೆಹಣ್ಣು ಹಚ್ಚಿ ತಿಕ್ಕುವ ಅಭ್ಯಾಸ ಮನೆಗಳಲ್ಲಿದೆ. ಪಾತ್ರೆಗೆ ಸಲ್ಲುವ ಈ ಉಪಚಾರ ನಾಣ್ಯಕ್ಕೆ ಸಲ್ಲದು. ಹುಳಿಯು ಕಾಲಕ್ರಮದಲ್ಲಿ ಕಟ್ಟಿದ ಪೊರೆಯನ್ನು ತಿಂದುಹಾಕುತ್ತದೆ. ಅದರೊಡನೆ ಉಳಿದಿದ್ದ ಅಲ್ಪ ಬರಹವೂ ಹೋಗುತ್ತದೆ.

ಬರಹವನ್ನು ಓದುವಾಗ

ಚೀಟಿಯಲ್ಲಿ ತಪ್ಪು ನುಸುಳುವ ಮುಖ್ಯ ಸ್ಥಳ ಇಸವಿ. ಟಿಪ್ಪು ಸುಲ್ತಾನನು ಮೊದಲು ಹಿಜರಿ ಶಕವನ್ನೇ ಬಳಸಿ, ತನ್ನ ಆಳ್ವಿಕೆಯ ಐದನೆಯ ವರ್ಷದಿಂದ ಮೌಲೂದಿ ಎಂಬ ಶಕವನ್ನು ನಾಣ್ಯಗಳ ಮೇಲೆ ತಂದನು. ಅದರಲ್ಲಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವುದು ರೂಢಿ. ಹೀಗೆ ಓದಿದಾಗ ಸಿಗುವ ಮೌಲೂದಿ 1215 ಎಂಬುದು ಕ್ರಿ.ಶ. 1787-88ಕ್ಕೆ ಹೊಂದುತ್ತದೆ. ಇದನ್ನೇ ಹಿಜರಿಯೆಂದು ಭಾವಿಸಿ ಲೆಕ್ಕ ಹಾಕಿದರೆ 1800-01 ಎಂದಾಗಿ, ಟಿಪ್ಪು ಮಡಿದ ಮೇಲೆ ಅವನ ನಾಣ್ಯ ಅಚ್ಚಾಯಿತೆಂಬ ವಿಪರೀತಕ್ಕೆ ಬರುತ್ತದೆ. ಊರಿನ ಹೆಸರುಗಳೂ ಹೀಗೆಯೇ: ಶ್ರೀರಂಗಪಟ್ಟಣಕ್ಕೆ ‘ಪಟ್ಟನ್’, ಬಿದನೂರಿಗೆ ‘ನಗರ’, ಚಿತ್ರದುರ್ಗಕ್ಕೆ ‘ಫರ್ರುಖ್‌ಯಾಬ್ ಹಿಸಾರ್’. ನಾಣ್ಯಗಳಿಗೂ ಅವನು ಹೆಸರಿಟ್ಟಿದ್ದನು. ತಾಮ್ರದ ಪೈಸೆ ಜೊಹ್ರಾ, ಅರ್ಧ ಪೈಸೆ ಬಹ್ರಾಮ್, ಕಾಲು ಪೈಸೆ ಅಖ್ತರ್, ಅರೆಕಾಲು ಕುತ್ಬ್. ಇವು ಗ್ರಹತಾರೆಗಳ ಹೆಸರುಗಳು. ಈ ನಾಣ್ಯಗಳನ್ನು ಕ್ರಮವಾಗಿ ವಿಂಗಡಿಸಿ ಮದ್ರಾಸಿನ ವಸ್ತುಸಂಗ್ರಹಾಲಯದ ಜೆ. ಆರ್. ಹೆಂಡರ್ಸನ್ 1921ರಲ್ಲಿ ಪ್ರಕಟಿಸಿದ ಗ್ರಂಥವು ಇಂದಿಗೂ ಸಂಗ್ರಾಹಕರಿಗೆ ಆಧಾರ. ಆದುದರಿಂದ ಚೀಟಿಯಲ್ಲಿ ನಾಣ್ಯದ ಮೇಲಿರುವ ಇಸವಿಯನ್ನು ಇದ್ದಂತೆಯೇ ಬರೆದು, ಅದರ ಮುಂದೆ ಕ್ರಿಸ್ತಶಕವನ್ನು ಬೇರೆಯಾಗಿ ಕೊಡುವುದು ಕ್ಷೇಮ. ಲೆಕ್ಕ ತಪ್ಪಿದ್ದರೆ ಮುಂದಿನವರು ತಿದ್ದಿಕೊಳ್ಳಬಹುದು.

ಕನ್ನಡ ಸಂಗ್ರಾಹಕನಿಗೆ ನಾಣ್ಯದ ಲಿಪಿಯೂ ಮುಖ್ಯವಾಗುತ್ತದೆ. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬರಹಗಳಿವೆ. ಅದೇ ವಂಶದ ರಾಮನಾಥನು ಈ ಸೀಮೆಯ ಕುಂದಾಣಿಯಿಂದ ಆಳಿದವನು. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ‘ಮಯಿಲಿ ಕಾಸು ೨೦’ ಎಂಬ ಕನ್ನಡ ಬರಹ, ಅದರ ಜೊತೆಗೆ ಇಂಗ್ಲಿಷಿನಲ್ಲಿಯೂ ಬೆಲೆ. ಮೇಲ್ಗಡೆ ಆನೆ, ಆಮೇಲಿನವುಗಳಲ್ಲಿ ಸಿಂಹ. ಟಂಕಸಾಲೆಯು 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. ಗಡಿಯ ಈಚೆಗೆ ಮದ್ರಾಸಿನ ಇಪ್ಪತ್ತು ಕಾಸಿನ ಮೇಲೆ ಇಂಗ್ಲಿಷ್ ಮತ್ತು ಪಾರಸಿ. 1807-08ರ ಬೆಳ್ಳಿಯ ಹಣಗಳ ಮೇಲೆ ಅವುಗಳೊಡನೆ ತೆಲುಗು, ತಮಿಳು. ಎರಡು ಕಡೆಯಲ್ಲಿಯೂ ‘ಇಪ್ಪತ್ತು ಕಾಸು’ ಎಂಬುದೊಂದೇ ಹೆಸರು. ಕನ್ನಡ ಅಕ್ಷರ ಇದ್ದುದು ಒಂದು ಕಡೆಯಲ್ಲಿ ಮಾತ್ರ. ಎಡ್ವರ್ಡ್ ದೊರೆಯ ಕಾಲದಲ್ಲಿ ಬಂದ ನಿಕ್ಕೆಲ್ ಆಣೆಯ ಮೇಲೆ ಇಂಗ್ಲಿಷಿನೊಡನೆ ಉರ್ದು, ನಾಗರಿ, ಬಂಗಾಳಿ, ತೆಲುಗು ಲಿಪಿಗಳಿದ್ದವು. ಕೆಲಮಂಗಲದ ಕನ್ನಡಿಗನು ತನ್ನ ಲಿಪಿಗೆ ಹತ್ತಿರವಾದ ತೆಲುಗಿನ ಅಕ್ಷರಗಳಲ್ಲಿಯೇ ಅದನ್ನು ಓದಬೇಕಾಗಿತ್ತು. 1799ರ ಗಡಿಯು ನಕ್ಷೆಯ ಮೇಲೆ ಬಿದ್ದಂತೆ ನಾಣ್ಯದ ಮೇಲಿನ ಲಿಪಿಯಲ್ಲಿಯೂ ಬಿದ್ದಿತು. ನಾಣ್ಯದ ಮೇಲೆ ಕನ್ನಡ ಇಲ್ಲದಾದ ಸೀಮೆಯಲ್ಲಿ ಚೀಟಿಯ ಮೇಲಾದರೂ ಕನ್ನಡ ಇರುವುದು ಉಚಿತ.

ದೊರೆತ ಸ್ಥಳ

ಉಳಿದೆಲ್ಲ ವಿವರಗಳನ್ನೂ ನಾಣ್ಯವನ್ನು ನೋಡಿ ನೂರು ವರ್ಷಗಳ ಮೇಲೆಯೂ ಬರೆಯಬಹುದು. ಒಮ್ಮೆ ತಪ್ಪಿದರೆ ಮತ್ತೆ ಬರೆಯಲಾಗದುದು ದೊರೆತ ಸ್ಥಳ. ಮೈಸೂರು ಸೀಮೆಯ ತಾಮ್ರದ ಕಾಸುಗಳಲ್ಲಿ ಒಂದು ಬದಿಗೆ ಚೌಕಳಿಯ ಗೆರೆಗಳು, ಇನ್ನೊಂದು ಬದಿಗೆ ಕನ್ನಡ ಅಂಕಿಯೊಂದು ಇರುವ ಒಂದು ವರ್ಗವಿದೆ. ಆ ಅಂಕಿ ಆಳ್ವಿಕೆಯ ವರ್ಷವೋ, ಬೇರೆ ಯಾವುದಾದರೂ ಗುರುತೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಯಾವ ಅಂಕಿಯ ಕಾಸು ಯಾವ ಊರುಗಳಲ್ಲಿ ಹೆಚ್ಚಾಗಿ ದೊರೆಯುತ್ತದೆ ಎಂಬ ಪಟ್ಟಿಯಿದ್ದರೆ ಚರ್ಚೆಗೆ ನೆಲೆ ಸಿಕ್ಕೀತು. ಆ ಪಟ್ಟಿಯು ರೂಪುಗೊಳ್ಳಬೇಕಾದುದು ಸಣ್ಣ ಸಂಗ್ರಹಗಳ ಚೀಟಿಗಳಿಂದಲೇ. ಕಾಲಿನ್ ಮೆಕೆಂಜಿಯ ಸಂಗ್ರಹದಲ್ಲಿ 6,218 ನಾಣ್ಯಗಳಿದ್ದವು; ಧಾರವಾಡದ ಕಡೆ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ದಕ್ಷಿಣ ಭಾರತದ ನಾಣ್ಯಗಳ ಮೇಲೆ ಗ್ರಂಥವನ್ನೇ ಬರೆದನು. ಅಂತಹ ದೊಡ್ಡ ಸಂಗ್ರಹಗಳು ವಂಶಾವಳಿಯನ್ನು ಕಟ್ಟಿಕೊಟ್ಟವು. ಒಂದು ಹೋಬಳಿಯೊಳಗೆ ಹಣ ಹೇಗೆ ಹರಿಯಿತೆಂಬುದನ್ನು ಕಟ್ಟಿಕೊಡಲು ಆ ಹೋಬಳಿಯಲ್ಲಿಯೇ ಕುಳಿತು ಬರೆದ ಚೀಟಿಗಳು ಬೇಕು.

ಸ್ಥಳವನ್ನು ಬರೆಯುವುದರಲ್ಲಿಯೂ ಎಚ್ಚರ ಅಗತ್ಯ. ಕೆಲಮಂಗಲವು ಒಂದು ಕಾಲಕ್ಕೆ ಸೇಲಂ ಜಿಲ್ಲೆಯಲ್ಲಿತ್ತು. 1965ರಿಂದ ಧರ್ಮಪುರಿ ಜಿಲ್ಲೆ. 2004ರಿಂದ ಕೃಷ್ಣಗಿರಿ ಜಿಲ್ಲೆ. ‘ಸೇಲಂ ಜಿಲ್ಲೆಯಲ್ಲಿ ದೊರೆತದ್ದು’ ಎಂಬಷ್ಟೇ ಬರೆದ ಹಳೆಯ ಚೀಟಿಯು ಇಂದು ಓದುವವನನ್ನು ಘಟ್ಟದ ಕೆಳಗಿನ ಸೇಲಮ್ಮಿಗೆ ಕೊಂಡೊಯ್ಯುತ್ತದೆ. ಊರು, ಅದರ ಪಕ್ಕದ ದೊಡ್ಡ ಊರು, ಹೊಲವೋ ಮನೆಯೋ ಕೆರೆಯಂಗಳವೋ ಎಂಬ ವಿವರ, ಚೀಟಿ ಬರೆದ ದಿನಾಂಕ ಇವಿಷ್ಟಿದ್ದರೆ ಜಿಲ್ಲೆಯ ಹೆಸರು ಎಷ್ಟು ಬಾರಿ ಬದಲಾದರೂ ಸ್ಥಳ ತಪ್ಪುವುದಿಲ್ಲ. ಊರಿನ ಹೆಸರನ್ನು ಜನರು ಕನ್ನಡದಲ್ಲಿ ಹೇಳುವಂತೆಯೂ ಸರಕಾರಿ ದಾಖಲೆಯಲ್ಲಿರುವಂತೆಯೂ ಎರಡೂ ಬಗೆಯಲ್ಲಿ ಬರೆಯುವುದು ಲೇಸು. ನಾಣ್ಯವನ್ನು ಕೊಂಡದ್ದಾದರೆ ಕೊಂಡ ಊರನ್ನು ದೊರೆತ ಸ್ಥಳವೆಂದು ಬರೆಯಬಾರದು. ಬೆಂಗಳೂರಿನ ಅಂಗಡಿಯಲ್ಲಿ ಕೊಂಡದ್ದು ಬೆಂಗಳೂರಿನ ನೆಲದಲ್ಲಿ ಸಿಕ್ಕಿದ್ದಲ್ಲ. ನೆಲದೊಳಗೆ ನಿಧಿಯಾಗಿ ಸಿಕ್ಕ ನಾಣ್ಯಗಳ ವಿಷಯವೇ ಬೇರೆ. 1878ರ ನಿಧಿ ಕಾಯಿದೆಯ ಪ್ರಕಾರ ಹತ್ತು ರೂಪಾಯಿಗೆ ಮೀರಿದ ಬೆಲೆಯ ನಿಧಿಯನ್ನು ಕಂಡವನು ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು. ಕುಡಿಕೆಯೊಂದರಲ್ಲಿ ಒಟ್ಟಿಗಿದ್ದ ನಾಣ್ಯಗಳು ಒಟ್ಟಿಗಿರುವುದರಿಂದಲೇ ಕಾಲವನ್ನು ಹೇಳುತ್ತವೆ. ಹಂಚಿಕೊಂಡರೆ, ಕರಗಿಸಿದರೆ ಆ ಮಾತು ಅಲ್ಲಿಗೆ ಮುಗಿಯುತ್ತದೆ.

ಒಳ್ಳೆಯ ಚೀಟಿಗೆ ಹೆಚ್ಚಿನ ಸಲಕರಣೆ ಬೇಕಾಗಿಲ್ಲ. ಕ್ರಮಸಂಖ್ಯೆ, ನಾಣ್ಯದ ಹೆಸರು, ಅಚ್ಚು ಹಾಕಿಸಿದ ದೊರೆ, ಇಸವಿ, ಟಂಕಸಾಲೆ, ಲೋಹ, ಗ್ರಾಮಿನಲ್ಲಿ ತೂಕ, ಮಿಲಿಮೀಟರಿನಲ್ಲಿ ವ್ಯಾಸ, ಮುಂಬದಿ ಹಿಂಬದಿಗಳಲ್ಲಿ ಕಾಣುವುದು, ಸ್ಥಿತಿ, ದೊರೆತ ಸ್ಥಳ, ಯಾರ ಕೈಯಿಂದ ಬಂದಿತು, ದಿನಾಂಕ ಇವು ಅಂಗೈಯಗಲದ ಕಾಗದದಲ್ಲಿ ಹಿಡಿಯುತ್ತವೆ. ನಾಣ್ಯವನ್ನು ಮೃದುಗೊಳಿಸಿದ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಚೀಲದಲ್ಲಿಟ್ಟರೆ ಕಾಲಕ್ರಮದಲ್ಲಿ ಹಸಿರು ಜಿಗುಟು ಹತ್ತುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಮೇಲು. ಅದೇ ವಿವರಗಳ ಇನ್ನೊಂದು ಪ್ರತಿಯನ್ನು ಕ್ರಮಸಂಖ್ಯೆಯೊಡನೆ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಏಕೆಂದರೆ ಚೀಟಿಗಳು ಉದುರುತ್ತವೆ, ಗೆದ್ದಲು ಹಿಡಿಯುತ್ತವೆ, ಒಂದರ ಚೀಟಿ ಇನ್ನೊಂದಕ್ಕೆ ಸೇರುತ್ತದೆ. ಹಳೆಯ ಚೀಟಿಯಲ್ಲಿ ತಪ್ಪಿದೆಯೆಂದು ಕಂಡರೂ ಅದನ್ನು ಬಿಸುಡದೆ, ಹೊಸ ಚೀಟಿಯನ್ನು ಅದರ ಜೊತೆಗಿಡುವುದು ವಸ್ತುಸಂಗ್ರಹಾಲಯಗಳ ಒಳ್ಳೆಯ ಪದ್ಧತಿ.

ಸಂಗ್ರಾಹಕನು ತೀರಿಕೊಂಡ ಮೇಲೆ ಪೆಟ್ಟಿಗೆಯು ಮಕ್ಕಳ ಕೈಗೆ ಬರುತ್ತದೆ. ಚೀಟಿಯಿಲ್ಲದ ತಾಮ್ರದ ಕಾಸುಗಳು ಆಗ ತೂಕಕ್ಕೆ ಹೋಗುತ್ತವೆ. ಚಿನ್ನದ ಹಣಗಳು ಅಕ್ಕಸಾಲೆಯ ಮೂಸೆಗೆ ಬೀಳುತ್ತವೆ. ದರ್ಜೆ ಮಾತ್ರ ಬರೆದ ನಾಣ್ಯಗಳು ದೂರದ ಹರಾಜಿಗೆ ಹೋಗಿ ಮೇಲ್ದರ್ಜೆಯ ಇತರ ನಾಣ್ಯಗಳ ನಡುವೆ ಕಲೆತುಹೋಗುತ್ತವೆ. ಕೆಲಮಂಗಲದ ಹೆಸರನ್ನು ಹೊತ್ತ ನಾಣ್ಯವು ಎಲ್ಲಿಗೆ ಹೋದರೂ, ಕೃಷ್ಣಗಿರಿಯ ಸರಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದರೂ, ಈ ಸೀಮೆಯ ಪರವಾಗಿ ಮಾತನಾಡಬಲ್ಲುದು. ದರ್ಜೆಯನ್ನು ಮುಂದೆ ಯಾವ ತಜ್ಞನಾದರೂ ಮತ್ತೆ ಕಟ್ಟಬಲ್ಲನು. ಆದರೆ ಹೊಲದಲ್ಲಿ ಕಾಸನ್ನು ಎತ್ತಿಕೊಂಡವನು ಆ ದಿನ ಹೇಳಿದ ಊರಿನ ಹೆಸರನ್ನು ಬರೆದುಕೊಳ್ಳಲು ಅವಕಾಶವಿರುವುದು ಆ ದಿನ ಅವನ ಎದುರಿಗಿದ್ದ ಸಂಗ್ರಾಹಕನಿಗೆ ಮಾತ್ರ.